ಮೊಡವೆಗೆ ಐಸೊಟ್ರೆಟಿನಾಯಿನ್ ನಡೆಯುತ್ತಿದೆ, ಮದುವೆಗೆ ಏಳು ವಾರ ಇದೆ. ಬಸಿರಾಗದಂತೆ ಏನು ಮಾಡಬೇಕು?

ಗುಂಡುಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನಗೆ 26. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಪಿಯುಸಿಯಿಂದಲೂ ಮೊಡವೆ. ದವಡೆ ಮೇಲೆ, ಬೆನ್ನ ಮೇಲೆ ಗಂಟು ಗಂಟು. ಕ್ರೀಮು, ಡಾಕ್ಸಿಸೈಕ್ಲಿನ್ ಎಲ್ಲಾ ಆದಮೇಲೆ ಸ್ಕಿನ್ ಡಾಕ್ಟರು ಐಸೊಟ್ರೆಟಿನಾಯಿನ್ 20 ಮಿಲಿಗ್ರಾಂ ಕೊಟ್ಟರು. ಈಗ ನಾಲ್ಕನೇ ತಿಂಗಳು. ಮುಖ ತೊಳೆಯುವಾಗ ಕೈಗೆ ಏನೂ ಸಿಗದೆ ನುಣ್ಣಗೆ ಜಾರುತ್ತದೆ. ಹತ್ತು ವರ್ಷದಲ್ಲಿ ಇದೇ ಮೊದಲು. ಇನ್ನೂ ಮೂರು ತಿಂಗಳು ತೆಗೆದುಕೊಳ್ಳಬೇಕು ಎಂದಿದ್ದಾರೆ.

ಈ ನಡುವೆ ಮದುವೆ ನಿಶ್ಚಯವಾಗಿದೆ. ಮೊದಲ ದಿನ ಡಾಕ್ಟರು ಕೇಳಿದ್ದು ಒಂದೇ, "ಮದುವೆ ಆಗಿದೆಯಾ?" ಇಲ್ಲ ಎಂದೆ. "ಸರಿ ಬಿಡಿ" ಎಂದು ಚೀಟಿ ಬರೆದರು. ಮೊನ್ನೆ ಮಾತ್ರೆ ಪೆಟ್ಟಿಗೆಯ ಒಳಗೆ ಮಡಚಿಟ್ಟ ಕಾಗದ ಬಿಡಿಸಿ ಓದಿದೆ. ಕೈಕಾಲು ತಣ್ಣಗಾಯಿತು. ಮಗುವಿನ ಹೃದಯ, ಮೆದುಳು, ಕಿವಿ ಅಂತೆಲ್ಲಾ ಬರೆದಿದೆ.

ಗರ್ಭನಿರೋಧಕ ಯಾವಾಗಿಂದ ಶುರು ಮಾಡಬೇಕು? ಇದರ ಜೊತೆ ಆ ಮಾತ್ರೆ ಕೆಲಸ ಮಾಡುತ್ತದಾ? ಇದನ್ನು ನಿಲ್ಲಿಸಿದ ಮೇಲೆ ಎಷ್ಟು ದಿನ ಕಾಯಬೇಕು? ನಮ್ಮ ಅತ್ತೆ ಆಗುವವರು ಈಗಾಗಲೇ "ವರ್ಷದೊಳಗೆ ತೊಟ್ಟಿಲು ಕಟ್ಟಬೇಕು" ಎನ್ನುತ್ತಿದ್ದಾರೆ.

ಮಲೆನಾಡ ಮಳೆ:
ಮೊದಲು ಒಂದು ಮಾತು. ಕಾಗದ ಓದಿದ್ದು ಒಳ್ಳೆಯದಾಯಿತು. ನಾನು ಎಂಟು ತಿಂಗಳು ತೆಗೆದುಕೊಂಡೆ, ಒಂದು ದಿನವೂ ಅದನ್ನು ಬಿಡಿಸಿ ನೋಡಿರಲಿಲ್ಲ.

ಜೋಳದರೊಟ್ಟಿ:
ಇವೆಲ್ಲಾ ಯಾಕೆ ಬೇಕು? ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿ. ನಮ್ಮ ಕಾಲದಲ್ಲಿ ಯಾರಿಗೂ ಮೊಡವೆ ಮಾತ್ರೆ ಅಂತ ಇರಲಿಲ್ಲ.

ಮಲೆನಾಡ ಮಳೆ:
@ಜೋಳದರೊಟ್ಟಿ, ಅಕ್ಕಾ, ಬೇವು ಹಚ್ಚದೆ ಯಾರೂ ಈ ಮಾತ್ರೆವರೆಗೆ ಬಂದಿರುವುದಿಲ್ಲ. ಗಂಟು ಮೊಡವೆ ಒಳಗಿಂದ ಕೀವು ಕಟ್ಟಿ ಕಲೆ ಬಿಟ್ಟು ಹೋಗುತ್ತದೆ. ಅವಳು ಕೇಳಿದ್ದು ಬೇರೆ ಪ್ರಶ್ನೆ.

ಟೆಕ್ಸಾಸ್ ಕನ್ನಡತಿ:
ನಾನು 2019ರಲ್ಲಿ ಇಲ್ಲಿ ಅಮೆರಿಕದಲ್ಲಿ ಇದೇ ಮಾತ್ರೆ ತೆಗೆದುಕೊಂಡೆ. ಇಲ್ಲಿ ಐಪ್ಲೆಡ್ಜ್ ಎಂಬ ವ್ಯವಸ್ಥೆ 2006ರಿಂದ ಇದೆ. ಹೆಸರು ನೋಂದಾಯಿಸದೆ ಒಂದು ಮಾತ್ರೆಯೂ ಸಿಗುವುದಿಲ್ಲ. ಶುರುವಿಗೆ ಮೊದಲು ಎರಡು ಸಲ ಬಸಿರಿನ ಪರೀಕ್ಷೆ, ಆಮೇಲೆ ತಿಂಗಳು ತಿಂಗಳು ಒಂದು. ಮೂವತ್ತು ದಿನಕ್ಕಾಗುವಷ್ಟು ಮಾತ್ರ ಕೊಡುತ್ತಾರೆ. ಎರಡು ಬಗೆಯ ಗರ್ಭನಿರೋಧಕ ಒಟ್ಟಿಗೆ ಬಳಸಬೇಕು: ಮಾತ್ರೆಗೆ ಒಂದು ತಿಂಗಳು ಮುಂಚೆಯಿಂದ, ನಡೆಯುವಷ್ಟು ದಿನ, ನಿಲ್ಲಿಸಿದ ಮೇಲೆ ಇನ್ನೊಂದು ತಿಂಗಳು. ಪ್ರತಿ ತಿಂಗಳೂ ಕಂಪ್ಯೂಟರಿನಲ್ಲಿ ಪ್ರಶ್ನೆಗಳು, ಉತ್ತರ ಕೊಟ್ಟರೇ ಔಷಧ.

ನನಗೂ ಆಗ ಮದುವೆ ಆಗಿರಲಿಲ್ಲ. ಆದರೂ ಎಲ್ಲಾ ಕೇಳಿದರು. ಮೊದಲ ದಿನ ಮುಜುಗರವಾಗಿ ಮುಖ ಕೆಂಪಾಯಿತು. ಈಗ ನಿಮ್ಮ ಪೋಸ್ಟ್ ಓದಿದಾಗ ಅವರು ಕೇಳಿದ್ದೇ ಸರಿ ಅನಿಸುತ್ತಿದೆ.

ಬಯಲುಸೀಮೆ:
ನಮ್ಮಲ್ಲಿ ಅಂಥ ನೋಂದಣಿ ಏನೂ ಇಲ್ಲ. ಚೀಟಿ ಇಲ್ಲದೆ ಕೊಡುವ ಹಾಗಿಲ್ಲ ಅಷ್ಟೇ. ಕೊಡುವವರು ಕೊಡುತ್ತಾರೆ.

ಹಳೇ ಮೆಡಿಕಲ್ ಶಾಪ್:
ಇಪ್ಪತ್ತೆರಡು ವರ್ಷದಿಂದ ಔಷಧ ಅಂಗಡಿ ಇಟ್ಟಿದ್ದೇನೆ. ಬಯಲುಸೀಮೆ ಅವರು ಹೇಳಿದ್ದು ನಿಜ, ನನಗೆ ಅದರ ಬಗ್ಗೆ ಬೇಸರವೂ ಇದೆ. ಮದುವೆ ಸೀಸನ್ ಬಂತೆಂದರೆ ಹುಡುಗಿಯರು ಮೊಬೈಲಿನಲ್ಲಿ ಸ್ಟ್ರಿಪ್ಪಿನ ಫೋಟೋ ತೋರಿಸಿ "ಅಣ್ಣಾ, ಇದೇ ಕೊಡಿ" ಎನ್ನುತ್ತಾರೆ. ಕೊಡಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಚೀಟಿ ತಂದವರಿಗೂ ನಾನು ಒಂದು ಮಾತು ಕೇಳಿಯೇ ಕೊಡುತ್ತೇನೆ: "ಬಸಿರಾಗುವ ಯೋಚನೆ ಇದೆಯೇನಮ್ಮ?" ಕೆಲವರು ಸಿಟ್ಟು ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಸಿಸ್ಟರ್ ಅಕ್ಕ:
ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕುಟುಂಬ ಯೋಜನೆ ವಿಭಾಗದಲ್ಲಿ ಹದಿನೈದು ವರ್ಷ ಆಯಿತು. ನೋಡಮ್ಮ, ಒಂದೊಂದಾಗಿ ಹೇಳುತ್ತೇನೆ.

ಐಸೊಟ್ರೆಟಿನಾಯಿನ್ ಎಂದರೆ ವಿಟಮಿನ್ ಎ ಜಾತಿಯ ಔಷಧ. ಬಸಿರಿನಲ್ಲಿ ಸೇವಿಸಿದರೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 20ರಿಂದ 35ರಷ್ಟು ಮಕ್ಕಳಿಗೆ ದೊಡ್ಡ ಊನ ಇರುತ್ತದೆ. ಗರ್ಭಪಾತವೂ ಜಾಸ್ತಿ. ಕಡಿಮೆ ಡೋಸು, ನಾಲ್ಕೇ ದಿನ ಎಂದೆಲ್ಲಾ ರಿಯಾಯಿತಿ ಇಲ್ಲ. ಮುಟ್ಟು ತಪ್ಪಿದೆ ಎಂದು ಗೊತ್ತಾಗುವ ಹೊತ್ತಿಗೆ ಮಗುವಿನ ಹೃದಯ, ಮೆದುಳು ರೂಪುಗೊಳ್ಳುವ ಕೆಲಸ ಶುರುವಾಗಿಬಿಟ್ಟಿರುತ್ತದೆ. ಆಗ ಮಾತ್ರೆ ನಿಲ್ಲಿಸಿದರೆ ತಡವಾಗಿರಬಹುದು. ಅದಕ್ಕೇ ಮುಂಚೆಯೇ ತಯಾರಿ ಬೇಕು.

ನೀನು ಈಗ ಏಳು ವಾರ ಮುಂಚೆಯೇ ಕೇಳಿದ್ದೀಯ. ಇದು ಸರಿಯಾದ ಸಮಯ. ಮುಂದಿನ ಮುಟ್ಟಿನ ಮೊದಲ ದಿನದಿಂದ ಐದನೇ ದಿನದೊಳಗೆ ಗರ್ಭನಿರೋಧಕ ಮಾತ್ರೆ ಶುರು ಮಾಡಿದರೆ ಮದುವೆ ಹೊತ್ತಿಗೆ ಒಂದು ಸುತ್ತು ಮುಗಿದಿರುತ್ತದೆ. ಮಾತ್ರೆ ಜೊತೆಗೆ ನಿರೋಧ್ ಕೂಡಾ ಇರಲಿ. ಎರಡು ಯಾಕೆ ಎಂದರೆ, ದಿನಾ ನುಂಗುವ ಮಾತ್ರೆ ಬಳಸುವ ನೂರು ಹೆಂಗಸರಲ್ಲಿ ವರ್ಷಕ್ಕೆ ಸುಮಾರು 7 ಜನ ಬಸಿರಾಗುತ್ತಾರೆ. ಮಾತ್ರೆ ಕೆಟ್ಟದ್ದೆಂದಲ್ಲ, ಮರೆತುಹೋಗುತ್ತದೆ. ಬರೀ ನಿರೋಧ್ ಆದರೆ ಸುಮಾರು 13. ವಂಕಿ, ಅದೇ ಕಾಪರ್ ಟಿ, ಒಂದಕ್ಕಿಂತ ಕಡಿಮೆ.

ಕಡಲತಡಿ:
ಮಕ್ಕಳಾಗದವರಿಗೆ ವಂಕಿ ಹಾಕುವುದಿಲ್ಲ ಅಲ್ವಾ?

ಸಿಸ್ಟರ್ ಅಕ್ಕ:
@ಕಡಲತಡಿ, ಹಾಕಬಹುದು. ಹಾಕಿಸಿಕೊಳ್ಳುವಾಗ ನೋವು ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೇ. ಹೊಸದಾಗಿ ಮದುವೆಯಾದವರಿಗೆ ಹಾಕಲು ಕೆಲವು ಕಡೆ ಹಿಂದೇಟು ಹಾಕುತ್ತಾರೆ, ಅದು ಹಳೇ ರೂಢಿ. ತೆಗೆಸಿದ ಕೂಡಲೇ ಬಸಿರಾಗಲು ಅಡ್ಡಿ ಇಲ್ಲ.

ಜೋಳದರೊಟ್ಟಿ:
ಮೊದಲ ಮಗುವಿಗೆ ಮುಂಚೆ ಗರ್ಭನಿರೋಧಕ ಮಾತ್ರೆ ನುಂಗಿದರೆ ಆಮೇಲೆ ಮಕ್ಕಳೇ ಆಗಲ್ಲ. ನಮ್ಮ ಓಣಿಯಲ್ಲೇ ಒಬ್ಬಳಿಗೆ ಹಾಗಾಯಿತು.

ಎರಡು ಮಕ್ಕಳ ತಾಯಿ:
@ಜೋಳದರೊಟ್ಟಿ, ನಾನು ಮದುವೆಯಾಗಿ ಎರಡೂವರೆ ವರ್ಷ ಮಾತ್ರೆ ನುಂಗಿದೆ. ನಿಲ್ಲಿಸಿದ ಮೂರನೇ ತಿಂಗಳಿಗೆ ದೊಡ್ಡ ಮಗಳು ನಿಂತಳು. ನಿಮ್ಮ ಓಣಿಯವಳಿಗೆ ಬೇರೆ ಕಾರಣ ಇದ್ದಿರಬಹುದು. ದಯವಿಟ್ಟು ಹೀಗೆ ಹೆದರಿಸಬೇಡಿ. ಈ ಭಯದಿಂದಲೇ ಎಷ್ಟೋ ಜನ ಏನೂ ಬಳಸದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ತುಂಗೆಯ ದಡ:
ಐಸೊಟ್ರೆಟಿನಾಯಿನ್ ನಿಲ್ಲಿಸಿ ಎರಡು ಮೂರು ವರ್ಷ ಬಸಿರಾಗಬಾರದು ಎಂದು ನನ್ನ ಅಕ್ಕನಿಗೆ ಹೇಳಿದ್ದರು. ಒಂದು ತಿಂಗಳು ಎಂದರೆ ನಂಬಲು ಕಷ್ಟ.

ಹಳೇ ಮೆಡಿಕಲ್ ಶಾಪ್:
@ತುಂಗೆಯ ದಡ, ನಿಮ್ಮ ಅಕ್ಕನಿಗೆ ಸೋರಿಯಾಸಿಸ್ ಇತ್ತಾ? ಮೂರು ವರ್ಷ ಎನ್ನುವುದು ಅಸಿಟ್ರೆಟಿನ್ ಎಂಬ ಇನ್ನೊಂದು ಔಷಧಕ್ಕೆ. ಹೆಸರು ಕೇಳಲು ಒಂದೇ ಥರ, ಜಾತಿಯೂ ಒಂದೇ. ಆದರೆ ಅದು ಮೈಯಲ್ಲಿ ಬಹಳ ಕಾಲ ಉಳಿಯುತ್ತದೆ. ಮದ್ಯ ಸೇರಿದರೆ ಇನ್ನೂ ನಿಧಾನವಾಗಿ ಹೋಗುವ ರೂಪಕ್ಕೆ ತಿರುಗುತ್ತದೆ. ಐಸೊಟ್ರೆಟಿನಾಯಿನ್ ಕೆಲವೇ ದಿನದಲ್ಲಿ ರಕ್ತದಿಂದ ಹೋಗುತ್ತದೆ. ಅದಕ್ಕೆ ಒಂದು ತಿಂಗಳು ಸಾಕು.

ತುಂಗೆಯ ದಡ:
ಹೌದು ಸರ್, ಸೋರಿಯಾಸಿಸ್ಸೇ. ಅಕ್ಕನಿಗೆ ಈಗಲೇ ಫೋನ್ ಮಾಡಿ ಹೇಳಿದೆ. ಯಾರೋ ಅವಳಿಗೆ "ಒಂದು ತಿಂಗಳು ಸಾಕು" ಎಂದು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದೆ.

ಕಡಲತಡಿ:
ಮಲ್ಲಿಗೆ ಅವರು ಡಾಕ್ಸಿಸೈಕ್ಲಿನ್ ಎಂದಿದ್ದಾರೆ. ಆಂಟಿಬಯಾಟಿಕ್ ತೆಗೆದುಕೊಂಡರೆ ಗರ್ಭನಿರೋಧಕ ಮಾತ್ರೆ ಕೆಲಸ ಮಾಡಲ್ಲ ಅಲ್ವಾ? ನನ್ನ ನಾದಿನಿ ಹಾಗೆ ಹೇಳುತ್ತಾಳೆ.

ಸಿಸ್ಟರ್ ಅಕ್ಕ:
ಇದು ಎಲ್ಲರೂ ಹೇಳುವ ಮಾತು. ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಇವುಗಳಿಂದ ಮಾತ್ರೆಗೆ ತೊಂದರೆ ಇಲ್ಲ. ತೊಂದರೆ ಕೊಡುವುದು ಕ್ಷಯಕ್ಕೆ ಕೊಡುವ ರಿಫಾಂಪಿಸಿನ್. ಜೊತೆಗೆ ಫಿಟ್ಸ್ ಮಾತ್ರೆಗಳಲ್ಲಿ ಕೆಲವು, ಫೆನಿಟಾಯಿನ್, ಕಾರ್ಬಮಜೆಪಿನ್ ಥರದವು. ಅವು ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಇನ್ನೊಂದು, ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಹನಿಮೂನಿಗೆ ಘಟ್ಟದ ದಾರಿಯಲ್ಲಿ ಹೋಗುವವರು ಇದನ್ನು ನೆನಪಿಡಿ.

ಡಾಕ್ಸಿಸೈಕ್ಲಿನ್ ವಿಷಯದಲ್ಲಿ ಎಚ್ಚರ ಬೇರೆ ಇದೆ. ಅದನ್ನು ಐಸೊಟ್ರೆಟಿನಾಯಿನ್ ಜೊತೆ ಸೇರಿಸಬಾರದು. ತಲೆಯೊಳಗೆ ಒತ್ತಡ ಏರಿ, ತಲೆನೋವು, ಕಣ್ಣು ಮಂಜಾಗುವುದು ಆಗಬಹುದು. ಮನೆಯಲ್ಲಿ ಉಳಿದ ಮಾತ್ರೆ ಇದೆ ಎಂದು ನೀವೇ ನುಂಗಬೇಡಿ. ವಿಟಮಿನ್ ಎ ಮಾತ್ರೆಯೂ ಬೇಡ.

ಮಲೆನಾಡ ಮಳೆ:
ಸರ್ಕಾರಿ ಆಸ್ಪತ್ರೆಯಲ್ಲಿ ಛಾಯಾ ಅಂತ ವಾರಕ್ಕೊಂದು ಮಾತ್ರೆ ಕೊಡುತ್ತಾರಲ್ಲ, ಹಾರ್ಮೋನ್ ಇಲ್ಲದ್ದು. ದಿನಾ ನೆನಪಿಡುವ ಗೋಜಿಲ್ಲ. ಇವರಿಗೆ ಅದೇ ಒಳ್ಳೆಯದಲ್ವಾ?

ಸಿಸ್ಟರ್ ಅಕ್ಕ:
ಛಾಯಾ ಒಳ್ಳೆಯ ಮಾತ್ರೆ. ಲಕ್ನೋದ ಸಿಡಿಆರ್‌ಐ ಸಂಸ್ಥೆಯಲ್ಲಿ ನಮ್ಮ ವಿಜ್ಞಾನಿಗಳೇ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಆದರೆ ಇಲ್ಲಿ ಎರಡು ತೊಡಕಿವೆ. ಮೊಡವೆ ಇರುವ ಎಷ್ಟೋ ಹುಡುಗಿಯರಿಗೆ ಪಿಸಿಒಡಿ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಸರಿಯಾಗಿ ಬಾರದ ಅಂಡಾಶಯದ ತೊಂದರೆ, ಇರುತ್ತದೆ; ಪಿಸಿಒಡಿ ಇದ್ದವರಿಗೆ ಛಾಯಾ ಕೊಡುವುದಿಲ್ಲ. ಮತ್ತೆ ಛಾಯಾ ನುಂಗಿದರೆ ಮುಟ್ಟು ಹಿಂದೆ ಮುಂದೆ ಆಗುತ್ತದೆ. ಐಸೊಟ್ರೆಟಿನಾಯಿನ್ ನುಂಗುವವಳಿಗೆ ಹತ್ತು ದಿನ ಮುಟ್ಟು ತಡವಾದರೆ ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಬರುವುದಿಲ್ಲ.

ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಗಟ್ಟಿ ಉಪಾಯ. ಆದರೆ ಕೆಲವರಿಗೆ ಮೊಡವೆ ಜಾಸ್ತಿಯಾಗುತ್ತದೆ. ನಿಲ್ಲಿಸಿದ ಮೇಲೆ ಬಸಿರಾಗಲು ಏಳೆಂಟು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅತ್ತೆಯವರು ತೊಟ್ಟಿಲು ಕಾಯುತ್ತಿರುವ ಮನೆಗೆ ಅದು ಸರಿಹೋಗಲ್ಲ.

ಗುಂಡುಮಲ್ಲಿಗೆ:
ಎಲ್ಲರಿಗೂ ಧನ್ಯವಾದ. ನನಗೆ ಪಿಸಿಒಡಿ ಇದೆ, ಹೇಳಲು ಮರೆತಿದ್ದೆ.

ಟೆಕ್ಸಾಸ್ ಕನ್ನಡತಿ:
ಹಾಗಾದರೆ ಗೈನಕಾಲಜಿಸ್ಟ್ ಹತ್ತಿರ ಹೋಗಲೇಬೇಕು. ಹಾರ್ಮೋನ್ ಮಾತ್ರೆ ಎಲ್ಲರಿಗೂ ಆಗುವುದಿಲ್ಲ. ಮೈಗ್ರೇನ್ ಬರುವಾಗ ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಾಣುತ್ತದಾ, ಬಿಪಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಇವನ್ನು ಅವರು ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ. ಲಿಪಿಡ್ ಪರೀಕ್ಷೆಯೂ ಮಾಡಿಸಿ. ಐಸೊಟ್ರೆಟಿನಾಯಿನ್ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, ಏರಿಸುತ್ತದೆ, ಹಾರ್ಮೋನ್ ಮಾತ್ರೆಯೂ ಕೆಲವರಲ್ಲಿ ಏರಿಸುತ್ತದೆ.

ರಾಗಿಮುದ್ದೆ:
ಇಷ್ಟೆಲ್ಲಾ ತಲೆಬಿಸಿ ಯಾಕೆ? ದಿನ ಲೆಕ್ಕ ಹಾಕಿಕೊಂಡರೆ ಸಾಕು. ತಪ್ಪಿದರೆ 72 ಗಂಟೆಯೊಳಗೆ ನುಂಗುವ ಮಾತ್ರೆ ಇದ್ದೇ ಇದೆ.

ಎರಡು ಮಕ್ಕಳ ತಾಯಿ:
@ರಾಗಿಮುದ್ದೆ, ಪಿಸಿಒಡಿ ಇರುವವಳಿಗೆ ದಿನ ಲೆಕ್ಕವಾ? ಅವಳ ಮುಟ್ಟು ಯಾವಾಗ ಬರುತ್ತದೆ ಎಂದು ಅವಳಿಗೇ ಗೊತ್ತಿರುವುದಿಲ್ಲ. ನಾನು "ದಿನ ಲೆಕ್ಕ" ಹಾಕಿಕೊಂಡೇ ಎರಡನೆಯವನು ಬಂದದ್ದು. ಅವನು ನಮ್ಮ ಮನೆಯ ಬೆಳಕು, ಅದು ಬೇರೆ ಮಾತು. ಆದರೆ ನಾನು ಆಗ ಈ ಮಾತ್ರೆ ನುಂಗುತ್ತಿರಲಿಲ್ಲ.

ಹಳೇ ಮೆಡಿಕಲ್ ಶಾಪ್:
72 ಗಂಟೆ ಮಾತ್ರೆ ನಿರೋಧ್ ಹರಿದಾಗ, ಮಾತ್ರೆ ಮರೆತಾಗ ಬಳಸುವುದಕ್ಕೆ ಇರುವುದು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಆದರೂ ಅದು ಎಲ್ಲಾ ಸಲ ಕೆಲಸ ಮಾಡುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಮೌನಿ:
ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನನ್ನ ಮದುವೆಗೆ ಮುಂಚೆ ದೊಡ್ಡಪ್ಪನ ಮಗಳು ತನ್ನ ಮೇಕಪ್ ಚೀಲದಿಂದ ಅರ್ಧ ಸ್ಟ್ರಿಪ್ ತೆಗೆದು ಕೊಟ್ಟಳು. ಐದೋ ಆರೋ ಮಾತ್ರೆ ಉಳಿದಿತ್ತು. "ದಿನಾ ಒಂದು ನುಂಗು, ಅರಿಶಿನ ಶಾಸ್ತ್ರದ ಹೊತ್ತಿಗೆ ಮುಖ ಹೊಳೆಯುತ್ತೆ" ಎಂದಳು. ಪ್ರೀತಿಯಿಂದಲೇ ಕೊಟ್ಟಳು. ಅದು ಮುಗಿದ ಮೇಲೆ ಫೋಟೋ ತೋರಿಸಿ ಇನ್ನಷ್ಟು ತಂದೆ. ಮದುವೆಯಾದ ಮೇಲೂ ನುಂಗುತ್ತಿದ್ದೆ. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ತಿಂಗಳಲ್ಲಿ ಪರೀಕ್ಷೆಯಲ್ಲಿ ಎರಡು ಗೆರೆ ಬಂತು. ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಡಾಕ್ಟರು "ಏನಾದರೂ ಔಷಧ ನಡೆಯುತ್ತಿದೆಯಾ" ಎಂದು ಕೇಳಿದಾಗ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಒಂಬತ್ತನೇ ವಾರಕ್ಕೆ ತಾನಾಗಿಯೇ ಹೋಯಿತು. ಅದು ಮಾತ್ರೆಯಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ನನಗೆ ಇವತ್ತಿಗೂ ಆ ಸ್ಟ್ರಿಪ್ಪಿನ ಬಣ್ಣ ಕಣ್ಣ ಮುಂದೆ ಬರುತ್ತದೆ.

ಮಲ್ಲಿಗೆ, ನೀನು ಕೇಳಿದ್ದು ನೋಡಿ ನನಗೆ ಅಳು ಬಂತು.

ಎರಡು ಮಕ್ಕಳ ತಾಯಿ:
ಮೌನಿ, ನಿಮ್ಮ ತಪ್ಪಲ್ಲಮ್ಮ. ಹೇಳಬೇಕಾದವರು ಹೇಳಲಿಲ್ಲ.

ಸಿಸ್ಟರ್ ಅಕ್ಕ:
ಮೌನಿ, ಇಷ್ಟು ಬರೆಯಲು ಎಷ್ಟು ಕಷ್ಟವಾಗಿರಬೇಕು ಎಂದು ಗೊತ್ತು.

ಬೇರೆಯವರಿಗಾಗಿ ಇದನ್ನೂ ಹೇಳುತ್ತೇನೆ. ಈ ಮಾತ್ರೆ ನುಂಗುವಾಗ ಮುಟ್ಟು ತಪ್ಪಿದರೆ ಮೊದಲು ಮಾತ್ರೆ ನಿಲ್ಲಿಸಿ, ಅವತ್ತೇ ಪರೀಕ್ಷೆ ಮಾಡಿಕೊಳ್ಳಿ. ಆಶಾ ಕಾರ್ಯಕರ್ತೆಯರ ಹತ್ತಿರ ನಿಶ್ಚಯ ಕಿಟ್ ಇರುತ್ತದೆ. ಬಸಿರು ನಿಂತಿದ್ದರೆ ನೀವೇ ಏನೂ ನಿರ್ಧರಿಸಬೇಡಿ, ಡಾಕ್ಟರ ಹತ್ತಿರ ಕೂತು ಮಾತಾಡಿ. ಎಲ್ಲಾ ಮಕ್ಕಳಿಗೂ ಊನ ಇರುವುದಿಲ್ಲ. ಮುಂದುವರಿಸುವುದು ಬೇಡ ಎಂದಾದರೆ ಕಾನೂನು ನಿಮ್ಮ ಪರ ಇದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, 2021ರ ತಿದ್ದುಪಡಿಯಲ್ಲಿ ಹಾಗಾಗಿದೆ. ವಯಸ್ಕ ಹೆಂಗಸಿಗೆ ತನ್ನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆ ಆಗದವರಿಗೂ ಹಕ್ಕು ಇದೆ, ಅವರ ಹೆಸರನ್ನು ಗುಟ್ಟಾಗಿ ಇಡಬೇಕು.

ಬಯಲುಸೀಮೆ:
ಒಂದು ಪ್ರಶ್ನೆ, ಗಂಡಸಿನ ಕಡೆಯಿಂದ. ನಾನೇ ಐಸೊಟ್ರೆಟಿನಾಯಿನ್ ನುಂಗುತ್ತಿದ್ದೇನೆ. ನಾವು ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. ತೊಂದರೆ ಇದೆಯಾ?

ಹಳೇ ಮೆಡಿಕಲ್ ಶಾಪ್:
ಗಂಡಸರು ನುಂಗಿದರೆ ಮಗುವಿಗೆ ತೊಂದರೆಯಾಗುವುದು ಕಂಡುಬಂದಿಲ್ಲ ಸರ್. ಆದರೂ ಡಾಕ್ಟರಿಗೆ ಒಂದು ಮಾತು ಹೇಳಿ. ನಿಮ್ಮ ಮಾತ್ರೆಯನ್ನು ಮನೆಯಲ್ಲಿ ಯಾರಿಗೂ ಕೊಡಬೇಡಿ. ಮಾತ್ರೆ ನಡೆಯುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ರಕ್ತದಾನ ಮಾಡಬೇಡಿ. ರಾಜ್ಯೋತ್ಸವದ ಶಿಬಿರಗಳಲ್ಲಿ ಹುಡುಗರು ಉತ್ಸಾಹದಿಂದ ಕೈ ಚಾಚಿಬಿಡುತ್ತಾರೆ. ಆ ರಕ್ತ ಯಾವ ಬಸುರಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಬಯಲುಸೀಮೆ:
ಇದು ಗೊತ್ತೇ ಇರಲಿಲ್ಲ. ಬರುವ ಭಾನುವಾರ ನಮ್ಮ ಏರಿಯಾದ ಶಿಬಿರಕ್ಕೆ ಹೆಸರು ಕೊಟ್ಟಿದ್ದೆ. ತೆಗೆಸುತ್ತೇನೆ.

ಕಡಲತಡಿ:
ವಿಷಯ ಬಿಟ್ಟು ಒಂದು ಮಾತು. ಮಲ್ಲಿಗೆ, ಮದುವೆ ಮುಂಚೆ ಮುಖಕ್ಕೆ ವ್ಯಾಕ್ಸಿಂಗ್ ಮಾಡಿಸಬೇಡಿ. ನನಗೆ ಮೇಲ್ತುಟಿ ಚರ್ಮವೇ ಕಿತ್ತುಬಂತು. ಮದುವೆ ದಿನ ಬಾಸಿಂಗದ ಕೆಳಗೆ ಕೆಂಪು ಗಾಯ. ಪಾರ್ಲರಿನವರಿಗೆ ಮಾತ್ರೆ ವಿಷಯ ಹೇಳಿ. ನಿಲ್ಲಿಸಿದ ಮೇಲೂ ಆರು ತಿಂಗಳು ಬೇಡ ಎಂದು ನನ್ನ ಡಾಕ್ಟರು ಆಮೇಲೆ ಹೇಳಿದರು.

ಮಲೆನಾಡ ಮಳೆ:
ತುಟಿಗೆ ಏನು ಹಚ್ಚುತ್ತೀರಿ ಎಲ್ಲರೂ? ನನಗೆ ಬಿಸಿ ಸಾರು ಕುಡಿದರೆ ಪ್ರಾಣ ಹೋಗುತ್ತಿತ್ತು.

ಟೆಕ್ಸಾಸ್ ಕನ್ನಡತಿ:
ವ್ಯಾಸಲಿನ್. ಬೇರೆ ಏನೂ ನಿಲ್ಲಲಿಲ್ಲ.

ಗುಂಡುಮಲ್ಲಿಗೆ:
ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಗೈನಕಾಲಜಿಸ್ಟ್ ಹತ್ತಿರ ಹೋಗಿ ಬಂದೆ. ಒಬ್ಬಳೇ ಹೋದೆ. ಕೂತ ಕೂಡಲೇ "ನನಗೆ ಮದುವೆ ಆಗಿಲ್ಲ, ಗರ್ಭನಿರೋಧಕ ಬೇಕು" ಎಂದೆ. ದಾರಿಯುದ್ದಕ್ಕೂ ಆ ಒಂದು ಸಾಲನ್ನೇ ಹೇಳಿಕೊಂಡು ಹೋಗಿದ್ದೆ. ಅವರು ಮುಖ ಸಿಂಡರಿಸಲಿಲ್ಲ. ಬಿಪಿ ನೋಡಿದರು, ಮೈಗ್ರೇನ್ ಕೇಳಿದರು, ಮೂತ್ರ ಪರೀಕ್ಷೆ, ಲಿಪಿಡ್, ಲಿವರ್ ಎಲ್ಲಾ ಮಾಡಿಸಿದರು. ಎಲ್ಲಾ ಸರಿ ಇದೆ. ಹಾರ್ಮೋನ್ ಮಾತ್ರೆ ಕೊಟ್ಟಿದ್ದಾರೆ. ಪುಣ್ಯಕ್ಕೆ ಮೊನ್ನೆಯೇ ಮುಟ್ಟಾಯಿತು, ಅವತ್ತೇ ಶುರು ಮಾಡಿದೆ. ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟಿದ್ದೇನೆ. ಸ್ಟ್ರಿಪ್ಪನ್ನು ಬ್ರಶ್ ಇಡುವ ಲೋಟದ ಪಕ್ಕದಲ್ಲೇ ಇಟ್ಟಿದ್ದೇನೆ.

ಸ್ಕಿನ್ ಡಾಕ್ಟರ ಹತ್ತಿರವೂ ಹೋಗಿ, ನೀವು ಇದನ್ನು ಮೊದಲೇ ಹೇಳಬೇಕಿತ್ತು ಎಂದೆ. ಒಪ್ಪಿಕೊಂಡರು. ಇನ್ನು ಮುಂದೆ ಪ್ರತಿ ತಿಂಗಳೂ ಪರೀಕ್ಷೆ ಮಾಡಿಸಿ ಆಮೇಲೆ ಚೀಟಿ ಕೊಡುತ್ತಾರಂತೆ.

ಮದುವೆ ಆಗುವವರಿಗೂ ಹೇಳಿದೆ. ಆ ಕಾಗದದ ಫೋಟೋ ಕಳಿಸಿದ್ದೆ. ಅರ್ಧ ಗಂಟೆ ಉತ್ತರ ಬರಲಿಲ್ಲ, ನನಗೆ ಅಳು ಬಂದಿತ್ತು. ಆಮೇಲೆ ಫೋನ್ ಮಾಡಿ "ಪೂರ್ತಿ ಓದಿದೆ. ನಿರೋಧ್ ನನ್ನ ಜವಾಬ್ದಾರಿ, ಅಮ್ಮನಿಗೆ ಹೇಳುವುದೂ ನನ್ನ ಜವಾಬ್ದಾರಿ. ಒಂದು ವರ್ಷ ಯಾರೂ ತೊಟ್ಟಿಲ ಮಾತು ಎತ್ತಬಾರದು ಎನ್ನುತ್ತೇನೆ" ಎಂದರು.

ಜೋಳದರೊಟ್ಟಿ:
ಹುಡುಗ ಒಳ್ಳೆಯವನು ಕಣವ್ವ. ಮೌನಿ ಬರೆದದ್ದು ಓದಿದ ಮೇಲೆ ನಾನು ನನ್ನ ತಂಗಿ ಮಗಳಿಗೆ ಫೋನ್ ಮಾಡಿ ಯಾವ ಮಾತ್ರೆ ನುಂಗುತ್ತಿದ್ದೀಯ ಎಂದು ಕೇಳಿದೆ. ಅವಳೂ ಇದನ್ನೇ ನುಂಗುತ್ತಿದ್ದಾಳೆ. ಮದುವೆಯಾಗಿ ಐದು ತಿಂಗಳು.

ಸಿಸ್ಟರ್ ಅಕ್ಕ:
@ಜೋಳದರೊಟ್ಟಿ, ಇವತ್ತೇ ಪರೀಕ್ಷೆ ಮಾಡಿಕೊಳ್ಳಲು ಹೇಳಿ. ಫಲಿತಾಂಶ ಬರುವವರೆಗೂ ಐಸೊಟ್ರೆಟಿನಾಯಿನ್ ನುಂಗುವುದು ಬೇಡ.

ಜೋಳದರೊಟ್ಟಿ:
ಹೇಳಿದೆ. ಗೆರೆ ಒಂದೇ ಬಂದಿದೆ. ನಾಳೆ ನಾನೇ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತೇನೆ. ಏನೇನು ಕೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ, ಆ ವಂಕಿ ವಿಷಯ ಇನ್ನೊಂದು ಸಲ ಹೇಳಿ.